ಚೀಟಿ ಇಲ್ಲದೆ ಕೊಡುವ ಔಷಧಿ

"ವೈದ್ಯರ ಚೀಟಿ ಇಲ್ಲದೆ ಔಷಧಿ ಮಾರಬಹುದೆಂದು ನಿಯಮ ಸಡಿಲಿಸುವುದು ಸರಿಯೇ, ತಪ್ಪೇ, ಸರ್?"

ಫಾರ್ಮಸಿ ಕಾಲೇಜಿನ ಕೊನೆಯ ವರ್ಷದ ನಾಗವೇಣಿ ಹೀಗೆ ಕೇಳಿದಳು. ಬೆಳಗಿನಿಂದ ತರಗತಿಯಲ್ಲಿ ಅದೇ ವಾದ ನಡೆದಿತ್ತು. ಡಾಕ್ಟರಿಲ್ಲದ ಊರಿನವರಿಗೆ ಅನುಕೂಲವಾಗುತ್ತದೆ ಎಂದು ಕೆಲವರು, ಜನ ಕಂಡಕಂಡ ಮಾತ್ರೆ ನುಂಗಿ ಹಾಳಾಗುತ್ತಾರೆ ಎಂದು ಕೆಲವರು. ನಾಗವೇಣಿ ಎರಡೂ ಕಡೆಯವರ ಮಾತಿಗೆ ತಲೆಯಾಡಿಸಿದ್ದಳು. ಓದು ಮುಗಿಸಿ ತನ್ನೂರಿನಲ್ಲೇ ಔಷಧಿ ಅಂಗಡಿ ತೆರೆಯಬೇಕೆಂದಿದ್ದವಳು ಅವಳು. ಈಗ ಯಾವ ಕಡೆ ನಿಲ್ಲಬೇಕೆಂದು ತಿಳಿಯದೆ ತಲೆ ಕೆಟ್ಟುಹೋಗಿತ್ತು.

ಸಿದ್ರಾಮಪ್ಪ ಮೇಷ್ಟ್ರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಔಷಧಿ ವ್ಯಾಪಾರಿ ಇದ್ದ. ಚೀಟಿ ಇಲ್ಲದೆ ಯಾವ ಔಷಧಿಯನ್ನೂ ಮಾರಬಾರದೆಂಬುದು ಆಗಿನ ನಿಯಮ. ಒಂದು ದಿನ ಒಬ್ಬ ಹೆಂಗಸು ಓಡಿಬಂದು ಮಗುವಿಗೆ ಔಷಧಿ ಬೇಕೆಂದಳು. ಚೀಟಿ ತರಲು ಹೇಳಿ ಅವನು ಬೇರೆ ಗಿರಾಕಿಯ ಕಡೆ ತಿರುಗಿದ. ವೈದ್ಯರಿದ್ದದ್ದು ಹೊಳೆಯಾಚೆ. ಮಗುವಿಗೆ ಭೇದಿ ಹತ್ತಿತ್ತು. ಅವಳು ಎತ್ತಿಕೊಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮೈಯ ನೀರೆಲ್ಲ ಬತ್ತಿ ಮಗು ತೀರಿಕೊಂಡಿತ್ತು. ದಾರಿಯುದ್ದಕ್ಕೂ ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸಿದ್ದರೆ ಬಹುಶಃ ಉಳಿಯುತ್ತಿತ್ತು ಎಂದರು ವೈದ್ಯರು.

ಊರವರು ದೂರು ಕೊಟ್ಟರು. ನಿಯಮ ಬದಲಾಯಿತು. ಸಾಮಾನ್ಯ ಔಷಧಿಗಳಿಗೆ ಚೀಟಿ ಬೇಡವೆಂದಾಯಿತು. ಕೆಲವು ಕಾಲದ ಮೇಲೆ ಅದೇ ಹೆಂಗಸು ನೋವಿನ ಮಾತ್ರೆ ಕೇಳಿಕೊಂಡು ಬಂದಳು. ಸತ್ತ ಮಗುವನ್ನು ನೆನೆದು ವ್ಯಾಪಾರಿ ಮರುಮಾತಿಲ್ಲದೆ ಕೊಟ್ಟ. ಮಾತ್ರೆ ಬೇಕಾಗಿದ್ದುದು ಅವಳ ಗಂಡನಿಗೆ. ಅವನ ಹೊಟ್ಟೆಯಲ್ಲಿ ಮೊದಲಿನಿಂದಲೂ ಹುಣ್ಣಿತ್ತು. ಆ ಮಾತ್ರೆ ನುಂಗುತ್ತ ನುಂಗುತ್ತ ಕೆಲವೇ ದಿನಗಳಲ್ಲಿ ರಕ್ತ ಕಾರಿ ಹಾಸಿಗೆ ಹಿಡಿದ.

ಸುದ್ದಿ ತಿಳಿದು ವ್ಯಾಪಾರಿ ಅವರ ಮನೆಗೆ ಹೋದ. ಒಳಗೆ ಹೋಗದೆ ಬಾಗಿಲಲ್ಲೇ ನಿಂತ.

"ಅಂದು ಕೊಡಲಿಲ್ಲ, ತಪ್ಪಾಯಿತು. ಇಂದು ಕೊಟ್ಟೆ, ಅದೂ ತಪ್ಪಾಯಿತು. ನಾನು ಏನು ಮಾಡಬೇಕಿತ್ತು, ತಾಯಿ?"

ಅವಳು ಗಂಡನ ಬಾಯಿ ಒರೆಸುತ್ತ ಕುಳಿತಿದ್ದಳು.

ಮೇಷ್ಟ್ರು ಕತೆ ನಿಲ್ಲಿಸಿದರು. ನಾಗವೇಣಿಯ ಗೊಂದಲ ಇನ್ನಷ್ಟು ಹೆಚ್ಚಿತು. ಬಿಗಿ ನಿಯಮ ಮಗುವಿನ ಜೀವ ಕಳೆಯಿತು, ಸಡಿಲ ನಿಯಮ ಗಂಡನನ್ನು ಕೆಡವಿತು. ಹಾಗಾದರೆ ಯಾವ ನಿಯಮ ಸರಿ ಎಂದು ಅವಳು ಮತ್ತೆ ಕೇಳಿದಳು.

"ಔಷಧಿ ಯಾರಿಗೆ, ಅವರಿಗೆ ಏನಾಗಿದೆ ಎಂದು ಕೇಳಬೇಡ ಅಂತ ಯಾವ ನಿಯಮ ಹೇಳಿತ್ತಮ್ಮ?" ಎಂದರು ಮೇಷ್ಟ್ರು.