ಬೂದಿಮನೆಯ ಭಾರದ ಸೊಸೆ

ಭೂಮಿ ಆಗಿನ್ನೂ ಒಲೆ ಮೇಲಿತ್ತು. ಬೆಟ್ಟ ಇರಲಿಲ್ಲ, ಬಂಡೆ ಇರಲಿಲ್ಲ. ಇದ್ದದ್ದೆಲ್ಲ ಗಂಜಿಯ ಹಾಗೆ ಕೊತಕೊತ ಕುದಿಯುತ್ತಿತ್ತು.

ಕುದಿಯೋ ಗಂಜಿಯಲ್ಲಿ ಯಾರ ಪಕ್ಕ ಯಾರು ಕೂತಿದ್ದಾರೆ ಅಂತ ನೋಡೋರು ಯಾರು? ಬೂದಿ ಹೋಗಿ ಸವುಳಿನ, ಅಂದರೆ ಉಪ್ಪುಮಣ್ಣಿನ, ಹೆಗಲಿಗೆ ಒರಗಿತ್ತು. ಸವುಳು ಸುಣ್ಣದ ಮಡಿಲಲ್ಲಿ ಮಲಗಿತ್ತು. ಮಾನ ಮರ್ಯಾದೆ ಅನ್ನೋದೆಲ್ಲ ತಣ್ಣಗಾದ ಮೇಲೆ ಬಂದದ್ದು.

ಹೀಗಿರುವಾಗ ಬೆಂಕವ್ವ ಒಂದು ದಿನ ಎಲ್ಲರನ್ನೂ ಕರೆದು ಹೇಳಿದಳು. "ನನಗೂ ವಯಸ್ಸಾಯಿತು, ಇನ್ನು ಉರಿಯೋಕೆ ಆಗಲ್ಲ. ನಾನು ಆರೋ ಮೊದಲು ಎಲ್ಲರೂ ಒಂದೊಂದು ಮನೆ ಸೇರಿಕೊಳ್ಳಿ. ಸೇರದವರು ಬೀದಿಪಾಲು. ಬಿಸಿನೀರು ಬಂದು ಕೊಚ್ಚಿಕೊಂಡು ಹೋದರೆ ಆಮೇಲೆ ನನ್ನನ್ನ ಕೇಳಬೇಡಿ."

ಮನೆ ಸೇರೋದು ಅಂದರೆ ಸುಮ್ಮನೆಯಾ? ಮನೆ ಅಂದ ಮೇಲೆ ಕುಲ ಬಂತು. ಕುಲ ಅಂದ ಮೇಲೆ ಊರ ಬಾಯಿ ಬಂತು.

ಆಗ ಎಲ್ಲರಿಗಿಂತ ದೊಡ್ಡ ಮನೆತನ ಅಂತ ಒಂದಿತ್ತು. ಕಲ್ಲಿನ ಶಾಸ್ತ್ರ ಓದಿದವರು ಅದಕ್ಕೆ ಫೆಲ್ಡ್‌ಸ್ಪಾರ್ ಅಂತಾರೆ. ಅವರಿಟ್ಟ ಹೆಸರು ಅವರಿಗಿರಲಿ, ನಮಗೆ ಒಳಗಿನ ಸುದ್ದಿ ಮುಖ್ಯ. ಆ ಮನೆತನದಲ್ಲಿ ಮೂರು ಮನೆ. ಬೂದಿಮನೆ, ಸವುಳುಮನೆ, ಸುಣ್ಣದಮನೆ.

ಸವುಳಿನವರಿಗೂ ಸುಣ್ಣದವರಿಗೂ ಕೊಟ್ಟು ತರೋ ಸಂಬಂಧ. ಕೊಟ್ಟರು, ತಂದರು, ಮತ್ತೆ ಕೊಟ್ಟರು, ಮತ್ತೆ ತಂದರು. ಮುಕ್ಕಾಲು ಸವುಳು ಕಾಲು ಸುಣ್ಣದ ಮಕ್ಕಳು, ಅರ್ಧಕ್ಕರ್ಧ ಮಕ್ಕಳು, ಬರೀ ಚಿಟಿಕೆ ಸವುಳಿರೋ ಮಕ್ಕಳು. ಯಾವ ಮಗು ಯಾವ ಮನೇದು ಅಂತ ಅವರಿಗೇ ಗೊತ್ತಿರಲಿಲ್ಲ. ಆ ಮಕ್ಕಳ ಮೈಮೇಲೆ ಬಾಚಣಿಗೆ ಎಳೆದ ಹಾಗೆ ಸಣ್ಣ ಸಣ್ಣ ಗೆರೆ. ಮನೆಯ ಗೋಡೆ ಒಂಚೂರು ವಾರೆ. ಅವರೆದುರಿಗೆ ಮಾತ್ರ ಅದನ್ನ ಹೇಳಬಾರದು.

ಬೂದಿಯವರಿಗೂ ಸುಣ್ಣದವರಿಗೂ ಮುಖ ಕಂಡರೆ ಆಗದು. ಒಬ್ಬರ ಮನೇಲಿ ಒಬ್ಬರು ನೀರೂ ಕುಡಿಯಲ್ಲ.

ಇನ್ನು ಬೂದಿಯವರದೂ ಸವುಳಿನವರದೂ ಕೇಳಲೇಬೇಡಿ. ಬೂದಿಮನೆ ಹುಡುಗಿಯೊಬ್ಬಳು ಬಿಸಿ ಬಿಸಿಯಲ್ಲಿ ಸವುಳುಮನೆ ಹುಡುಗನ ಕೈ ಹಿಡಿದುಬಿಟ್ಟಳು. ಬಿಸಿ ಇರೋ ತನಕ ಚೆನ್ನಾಗಿಯೇ ಇದ್ದರು. ಆರುತ್ತ ಆರುತ್ತ ಮಾತು ಬಿಟ್ಟರು. ಮನೆ ಬಿಟ್ಟು ಹೋಗೋಕೆ ಮಾನ ಅಡ್ಡ ಬಂತು. ಅದಕ್ಕೆ ಒಂದೇ ಮನೆಯೊಳಗೆ ತಟ್ಟಿ ಕಟ್ಟಿಕೊಂಡರು. ಅವಳದೊಂದು ಪದರ, ಅವನದೊಂದು ಪದರ, ಮತ್ತೆ ಅವಳದು, ಮತ್ತೆ ಅವನದು. ಆ ತೆಳು ತಟ್ಟಿಗಳ ನಡುವೆ ನುಗ್ಗಿದ ಬೆಳಕು ಹೊರಗೆ ಬರೋ ದಾರಿ ತಿಳಿಯದೆ ನೀಲಿ ನೀಲಿಯಾಗಿ ತೇಲಾಡುತ್ತೆ. ಜನ ಅದನ್ನ ಚಂದ್ರಕಾಂತ ಅಂತ ಉಂಗುರಕ್ಕೆ ಇಟ್ಟುಕೊಳ್ತಾರೆ. ಜಗಳದ ಮನೆಗೆ ಬೆಳ್ಳಿ ಕಟ್ಟು!

ಅದು ನಡೆದ ಮೇಲೆ ಬೂದಿಮನೆಯ ಯಜಮಾನಿ ಬೂದವ್ವ ಗಟ್ಟಿಯಾಗಿಬಿಟ್ಟಳು. ಇನ್ನು ಮನೆಗೆ ಯಾರೇ ಬರಲಿ, ಸೋಸಿ ನೋಡಿಯೇ ತರಬೇಕು ಅಂದಳು. ಅವಳಿಗೆ ಮಗ ಒಬ್ಬ, ಕೆಂಚ. ಮೈಬಣ್ಣ ನಸುಗೆಂಪು, ಬಾಯಲ್ಲಿ ಮಾತೇ ಇಲ್ಲ. ಅವ್ವ ಕೂರು ಅಂದರೆ ಕೂರುತ್ತಿದ್ದ, ಏಳು ಅಂದರೆ ಏಳುತ್ತಿದ್ದ.

ಗಾಳಿ ಊರೂರು ಅಲೆಯೋನು. ಅವನೇ ಸಂಬಂಧ ತಂದ.

"ಬೂದವ್ವಾ, ಕರಿ ಅದಿರಿನ ಕಡೆ ಒಂದು ಹುಡುಗಿ ಇದೆ. ತೂಕವ್ವ ಅಂತ. ತಂದೆ ತಾಯಿ ಇಲ್ಲ. ನೋಡೋಕೆ ನಿಮ್ಮನೆ ಮಕ್ಕಳ ಹಾಗೇ ಇದಾಳೆ."

"ಕರಿ ಅದಿರಿನ ಕಡೆಯವಳಾ? ಮೈಯೆಲ್ಲ ಮಸಿ ಇರಬೇಕು."

"ನೀವೇ ನೋಡಿ. ಬೆಂಕವ್ವನ ಹತ್ತಿರ ಇನ್ನು ನಾಲ್ಕು ಕೆಂಡ ಉಳಿದಿದೆ ಅಷ್ಟೇ. ಆ ಹುಡುಗಿಗೆ ಮನೆ ಸಿಗಲಿಲ್ಲ ಅಂದರೆ ಬಿಸಿನೀರಿನ ಪಾಲಾಗುತ್ತಾಳೆ."

ಹೆಣ್ಣು ನೋಡೋ ಶಾಸ್ತ್ರ ಇಟ್ಟರು. ತೂಕವ್ವ ಬಂದು ಹೊಸಿಲ ಹೊರಗೆ ನಿಂತಳು. ಮಸಿ ಎಲ್ಲಿ ಬಂತು? ಅನ್ನ ಬಸಿದ ತಿಳಿಯ ಹಾಗೆ ಬಿಳುಪು. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಆಚೆ ಬದಿ ಕಾಣುವಷ್ಟು ತೆಳು ಮೈ.

ನೋಡೋಕೆ ಅಂತ ನೆರೆಹೊರೆಯವರೂ ಸೇರಿದ್ದರು. ಬೆಣಚಜ್ಜ ಇದ್ದ. ಬೆಣಚುಕಲ್ಲಿನ ಅಜ್ಜ ಅಂದರೆ ಆ ಕೇರಿಗೇ ಗಟ್ಟಿ ಉಗುರಿನವನು. ಕಾಗೆಬಂಗಾರಿ ಇದ್ದಳು. ಮೈತುಂಬ ಮಿಂಚು, ಮುಟ್ಟಿದರೆ ಪದರ ಪದರ ಕಳಚೋಳು. ಕರೆಯದಿದ್ದರೂ ಬರೋಳು.

"ಮೊದಲು ಗೀರು," ಅಂದಳು ಬೂದವ್ವ.

ಬೆಣಚಜ್ಜ ಉಗುರಿನಿಂದ ಗೀರಿದ. ಬೂದಿಮನೆಯವರ ಮೇಲೆ ಎಷ್ಟು ಗೀರು ಬೀಳುತ್ತೋ ಅಷ್ಟೇ ಬಿತ್ತು. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

"ಗಟ್ಟಿ ಹುಡುಗಿ ಕಣವ್ವ. ನಿಮ್ಮನೆಯಷ್ಟೇ ಗಟ್ಟಿ," ಅಂದ ಅಜ್ಜ.

ಬೂದವ್ವನ ಮುಖ ಸ್ವಲ್ಪ ಸಡಿಲವಾಯಿತು. ಕೆಂಚ ಒಂದು ಸಲ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದ.

"ಇನ್ನು ಹೊಳೆಯಮ್ಮ ಎತ್ತಲಿ," ಅಂದಳು ಬೂದವ್ವ.

ಆ ಮನೆಯ ಪದ್ಧತಿ ಅದು. ಸೊಸೆಯಾಗಿ ಬರೋಳನ್ನ ಕೇರಿಯ ಪಕ್ಕದಲ್ಲೇ ಹರಿಯೋ ಹೊಳೆಯಮ್ಮ ಎತ್ತಿ ಹೊಸಿಲು ದಾಟಿಸಬೇಕು. ಬೂದಿಮನೆಯವರೆಲ್ಲ ಹಗುರ. ಹೊಳೆಯಮ್ಮ ಅವರನ್ನ ಎಳೆಮಗುವನ್ನ ಎತ್ತೋ ಹಾಗೆ ಎತ್ತುತ್ತಿದ್ದಳು. ಈಗಲೂ ಹಾಗೇ ಕೈ ಹಾಕಿದಳು. ಮೊಣಕಾಲ ತನಕ ಎತ್ತಿದಳು. ಎತ್ತಿ ಧಪ್ ಅಂತ ಕೆಳಗಿಟ್ಟುಬಿಟ್ಟಳು.

"ಅಯ್ಯೋ ನನ್ನ ಸೊಂಟ! ಏನೇ ತಾಯಿ ನೀನು, ಒರಳುಕಲ್ಲು ನುಂಗಿ ಬಂದಿದೀಯಾ?"

ಅಷ್ಟೇ ಸಾಕಾಯಿತು ಕಾಗೆಬಂಗಾರಿಗೆ. "ನಾನು ಆಗಲೇ ಅಂದುಕೊಂಡೆ. ಇವಳ ಚಿಕ್ಕಮ್ಮ ಯಾರು ಅಂತ ಗೊತ್ತಾ? ಆ ಬಿಳಿ ಭಾರದ ಕಲ್ಲು. ಗಂಧಕದವನ ಜೊತೆ ಓಡಿಹೋಗಿ ಸಂಸಾರ ಹೂಡಿದೋಳು! ಕಬ್ಬಿಣದ ಮೊಳೆ ತಾಕಿದರೂ ಗೀರು ಬೀಳೋಷ್ಟು ಮೆತ್ತಗೆ ಅವಳು. ಅವಳ ತೂಕವೇ ಇವಳದು. ರಕ್ತ ಎಲ್ಲಿ ಹೋಗತ್ತೆ?"

"ನಮ್ಮ ಚಿಕ್ಕಮ್ಮ ಮೆತ್ತಗಿದ್ದರೆ ನಾನೂ ಮೆತ್ತಗಿರಬೇಕಿತ್ತಲ್ಲ," ಅಂದಳು ತೂಕವ್ವ. "ಅಜ್ಜ ಈಗ ತಾನೇ ಗೀರಿ ನೋಡಿದರು. ನಾನು ಭಾರ, ನಿಜ. ಭಾರ ಅನ್ನೋದು ತಪ್ಪಾ?"

"ಬಾಯಿ ನೋಡು," ಅಂದಳು ಕಾಗೆಬಂಗಾರಿ.

ಬೂದವ್ವ ಎದ್ದು ನಿಂತಳು. "ಗೀರು ಸುಳ್ಳು ಹೇಳಬಹುದು. ತೂಕ ಹೇಳಲ್ಲ. ನಮ್ಮ ಕುಲದಲ್ಲಿ ಇಷ್ಟು ಭಾರದವರು ಹುಟ್ಟಿಲ್ಲ. ಒಂದು ಸಲ ಬಿಸಿಯಲ್ಲಿ ಎಡವಿ ಕೇರಿಯ ಬಾಯಿಗೆ ಬಿದ್ದಿದ್ದೀವಿ. ಇನ್ನೊಂದು ಸಲ ಬೇಡ. ಹೋಗಿಬಾರವ್ವ."

"ಎಲ್ಲಿಗೆ ಹೋಗಲಿ ಅತ್ತೆ? ನಾಲ್ಕು ಕೆಂಡದಲ್ಲಿ ಎರಡು ಆಗಲೇ ಆರಿದೆ."

"ಇನ್ನೂ ಒಳಗೇ ಬಂದಿಲ್ಲ, ಅತ್ತೆ ಅಂತೆ."

ಗಾಳಿ ಮುಖ ತಿರುಗಿಸಿಕೊಂಡ. ಸಂಬಂಧ ತಂದವನಿಗೆ ಆಗೋ ಅವಮಾನ ಅವನಿಗೂ ಆಯಿತು. ಕೆಂಚನ ಕಥೆ ಹೇಳೋದೇ ಬೇಡ, ಅವನು ನೆಲ ನೋಡುತ್ತಿದ್ದ.

ಅಡಿಯಿಂದ ಬಿಸಿನೀರಿನ ಬುಸಬುಸ ಸದ್ದು ಹತ್ತಿರವಾಗುತ್ತಿತ್ತು.

ಈಗ ಆ ಮನೆತನದ ಒಂದು ಗುಟ್ಟು ಹೇಳಬೇಕು. ಬೂದಿಮನೆಯನ್ನ ಕಟ್ಟಿದವಳು ಬೆಂಕವ್ವನೇ. ಕಟ್ಟುವಾಗ ಗಾರೆಯವರು ಹಿಡಿಯೋ ಹಾಗೆ ಮೂಲೆಮಟ್ಟ ಹಿಡಿದು, ಎರಡು ಒಳಗೋಡೆ ಎಬ್ಬಿಸಿದ್ದಳು. ಎರಡೂ ನೂಲು ಹಿಡಿದಷ್ಟು ನೇರ, ಸೇರೋ ಮೂಲೆ ಕರಾರುವಾಕ್ಕು. ಆದರೆ ಅದನ್ನ ಹೊರಗಿನವರು ಯಾರೂ ನೋಡಿರಲಿಲ್ಲ. ಕಲ್ಲು ಒಡೆದರೆ ತಾನೆ ಒಳಗೋಡೆ ಕಾಣೋದು? ಆಗ ಒಡೆದವರೇ ಇರಲಿಲ್ಲ. ಒಳಗೋಡೆ ತೋರಿಸೋದು ಅಂದರೆ ಆ ಮನೆಯವರಿಗೆ ಸೆರಗು ಜಾರಿದಷ್ಟು ನಾಚಿಕೆ. ಅದಕ್ಕೇ ಬಣ್ಣ ನೋಡಿದರು, ಗೀರು ನೋಡಿದರು, ತೂಕ ನೋಡಿದರು. ನೋಡಬೇಕಾದ್ದೊಂದನ್ನ ಬಿಟ್ಟು ಊರೆಲ್ಲ ನೋಡಿದರು.

ತೂಕವ್ವ ಎರಡು ಹೆಜ್ಜೆ ಹೋದವಳು ನಿಂತಳು. ತಿರುಗಿ ಬಂದು, ಬೆಂಕವ್ವನ ಬಳಿ ಉಳಿದ ಎರಡು ಕೆಂಡದ ಮಗ್ಗುಲಲ್ಲೇ ಕೂತಳು. ಮೈ ಕಾದು ಕೆಂಪಾಗೋ ತನಕ ಕೂತಳು.

"ಹೊಳೆಯಮ್ಮಾ, ನನ್ನನ್ನ ಎತ್ತೋಕೆ ಆಗಲ್ಲ ಅಂದಿರಲ್ಲ, ತಣ್ಣೀರು ಸುರಿಯೋಕೆ ಆಗುತ್ತಾ?"

"ಕಾದ ಮೈ ಮೇಲೆ ತಣ್ಣೀರಾ? ಒಡೆದು ಹೋಗ್ತೀಯ ಕಣೇ!"

"ಅದಕ್ಕೇ ಕೇಳಿದ್ದು. ನನ್ನ ಒಳಗೋಡೆ ಹ್ಯಾಗಿದೆ ಅಂತ ಎಲ್ಲರೂ ನೋಡಿಬಿಡಲಿ."

"ಥೂ, ನಾಚಿಕೆಗೆಟ್ಟವಳೇ!" ಅಂತ ಬೂದವ್ವ ಕಣ್ಣು ಮುಚ್ಚಿಕೊಂಡಳು. ಕಾಗೆಬಂಗಾರಿ ಮಾತ್ರ ಎರಡು ಕಣ್ಣೂ ಅಗಲಿಸಿಕೊಂಡು ಮುಂದೆ ಬಂದಳು.

ಹೊಳೆಯಮ್ಮ ಹಿಂದೆ ಮುಂದೆ ನೋಡಿದಳು. ಆದರೂ ಸುರಿದಳು.

ಚಟ್! ತೂಕವ್ವ ಒಡೆದಳು. ಒಂದು ಸಲ ಅಲ್ಲ, ಚಟ್ ಚಟ್ ಅಂತ ಒಡೆಯುತ್ತಲೇ ಹೋದಳು.

ಹಬೆ ಇಳಿದ ಮೇಲೆ ನೋಡಿದರೆ, ಒಡೆದ ಮೈ ಕನ್ನಡಿಯ ಹಾಗೆ ನುಣುಪು. ಒಂದು ಮೈ ಹೀಗೆ ನೇರ, ಇನ್ನೊಂದು ಮೈ ಹಾಗೆ ನೇರ. ಬೆಂಕವ್ವ ಮೂಲೆಮಟ್ಟ ತಂದು ಇಟ್ಟಳು. ಕೂದಲೆಳೆ ಸಂದೂ ಇಲ್ಲದೆ ಕೂತಿತು.

"ನಾನು ಕಟ್ಟಿದ ಗೋಡೆಯೇ," ಅಂದಳು ಬೆಂಕವ್ವ. "ಮಗ್ಗುಲ ಕರಿ ಅದಿರಿನ ಹತ್ತಿರ ಕಟ್ಟುವಾಗ ಬೂದಿ ಸಾಲದೆ ಬಂದು, ಅಲ್ಲಿದ್ದ ಭಾರದ ಪುಡಿಯನ್ನೇ ಬೂದಿಯ ಜಾಗಕ್ಕೆ ತುಂಬಿದ್ದೆ. ತುಂಬಿದ್ದು ಬೇರೆ, ಮನೆ ಅದೇ."

"ಬೂದಿಮನೆಯ ಗೋಡೆ ಹೀಗೇ ಇರುತ್ತೆ ಅಂತ ಏನು ನಂಬಿಕೆ?" ಅಂದಳು ಕಾಗೆಬಂಗಾರಿ. ಸುಮ್ಮನಿರೋ ಜನ್ಮವಲ್ಲ ಅದು. "ನಾವೇನು ನೋಡಿದೀವಾ? ಹೋಲಿಸಿ ನೋಡಬೇಕಲ್ಲ. ಬೂದವ್ವ ತನ್ನದು ತೋರಿಸಲಿ."

ಎಲ್ಲರೂ ಬೂದವ್ವನ ಕಡೆ ತಿರುಗಿದರು. ಬೂದವ್ವ ಸೆರಗು ಬಿಗಿಯಾಗಿ ಹೊದ್ದುಕೊಂಡಳು. ಒಂದು ಕೆಂಡ ಆರಿತು. ಇನ್ನೊಂದೇ ಉಳಿಯಿತು.

"ಅವ್ವ ತೋರಿಸಲ್ಲ," ಅಂತ ಒಂದು ದನಿ ಬಂತು. ಯಾರದು ಅಂತ ಮೊದಲು ಯಾರಿಗೂ ತಿಳಿಯಲಿಲ್ಲ, ಆ ದನಿಯನ್ನ ಯಾರೂ ಕೇಳಿಯೇ ಇರಲಿಲ್ಲವಲ್ಲ. ಕೆಂಚ! "ನನ್ನದು ನೋಡಿ."

"ಲೋ ಕೆಂಚಾ! ಮನೆ ಮಾನ ಕಣೋ!"

"ಅವಳು ಒಡೆದು ಬಿದ್ದಿದಾಳೆ ಕಣವ್ವ. ಇನ್ನು ಯಾವ ಮಾನ?"

ಕೆಂಚ ಕೊನೆಯ ಕೆಂಡಕ್ಕೆ ಮೈ ಒಡ್ಡಿದ. ಹೊಳೆಯಮ್ಮ ಈ ಸಲ ಕೇಳದೆಯೇ ಸುರಿದಳು. ಚಟ್ ಅಂತು. ಕೆಂಪು ಮೈ ಸೀಳಿ, ಎರಡು ನೇರ ಗೋಡೆ ಹೊಳೆಯಿತು. ಅದೇ ನುಣುಪು, ಅದೇ ಮೂಲೆ. ತೂಕವ್ವನ ತುಣುಕು ತಂದು ಪಕ್ಕಕ್ಕಿಟ್ಟರೆ ಅಣ್ಣತಮ್ಮಂದಿರ ಮನೆ ಗೋಡೆಯ ಹಾಗೆ ಒಂದಕ್ಕೊಂದು ಒರಗಿ ಕೂತವು.

"ನಾನು ಒಡೆದರೆ ಒಡೆದ ಸೀಸೆಯ ಹಾಗೆ ಅಡ್ಡಾದಿಡ್ಡಿ," ಅಂದ ಬೆಣಚಜ್ಜ. "ಈ ಕಾಗೆಬಂಗಾರಿ ಕಳಚಿದರೆ ಒಂದೇ ಕಡೆ ಕಳಚುತ್ತಾಳೆ, ಹಪ್ಪಳದ ಹಾಗೆ. ಎರಡು ಕಡೆ ನೇರ, ಮೂಲೆ ಸಮ, ಅದು ಈ ಮನೆದೇ ಕಣವ್ವ. ಭಾರ ಇದ್ದರೆ ಇರಲಿ. ಗೋಡೆ ನೋಡು."

ಬೂದವ್ವ ಕಣ್ಣು ಬಿಟ್ಟಳು. ಮಗನ ಗೋಡೆ ನೋಡಿದಳು, ಸೊಸೆಯ ಗೋಡೆ ನೋಡಿದಳು. ಬಾಯಿ ಜೋರಿನ ಹೆಂಗಸು, ತಪ್ಪಾಯಿತು ಅಂತ ಅನ್ನೋಕೆ ಬರಲಿಲ್ಲ ಅವಳಿಗೆ. ನೇರವಾಗಿ ಹೋಗಿ ತೂಕವ್ವನ ತುಣುಕುಗಳನ್ನ ಮಡಿಲಿಗೆ ಆಯ್ದುಕೊಳ್ಳೋಕೆ ಕೂತಳು.

"ಎಷ್ಟು ಭಾರ ಇದೀಯೇ ಮಾರಾಯ್ತಿ," ಅಂದಳು ಏದುಸಿರು ಬಿಡುತ್ತ.

"ಹೇಳಿದ್ದೆನಲ್ಲ ಅತ್ತೆ."

ಆದರೆ ಕೆಂಡ ಕಾಯುತ್ತಾ? ಬೂದವ್ವ ಆಯ್ದದ್ದು ಕೆಲವು ತುಣುಕು. ಅವು ಕೆಂಚನ ಜೊತೆ ಬೂದಿಮನೆ ಸೇರಿದವು. ಅರ್ಧ ಬೂದಿ ಅರ್ಧ ಭಾರದ ಮಕ್ಕಳು ಹುಟ್ಟಿದ್ದು ಅಲ್ಲೇ. ಇನ್ನು ಕೆಲವು ತುಣುಕು ಕರಿ ಅದಿರಿನ ಬುಡಕ್ಕೆ ಉರುಳಿ ಅಲ್ಲೇ ಬೇರೆ ಮನೆ ಮಾಡಿಕೊಂಡವು. ಉಳಿದದ್ದನ್ನ ಬಿಸಿನೀರು ಎಳೆದುಕೊಂಡು ಹೋಗಿ ಆ ಗಂಧಕದ ಸಂಸಾರಕ್ಕೆ ಸೇರಿಸಿತು. ಚಿಕ್ಕಮ್ಮನಿಗೆ ಏನೋ ಸಂತೋಷ. ಆಮೇಲೆ ಬೆಂಕವ್ವ ಆರಿದಳು, ಭೂಮಿ ಕಲ್ಲಾಯಿತು.

ಹೀಗಾಗಿ ತೂಕವ್ವನ ಕುಲದವರು ಸಿಗೋದು ಬಲು ಅಪರೂಪ. ಕಲ್ಲು ಹುಡುಕೋರು ಕರಿ ಅದಿರಿನ ಮಗ್ಗುಲಲ್ಲಿ ಒಂದು ಬಿಳಿ ತುಣುಕು ಎತ್ತಿ, "ಇದೇನು ಇಷ್ಟು ಭಾರ?" ಅಂತ ಅಂಗೈಯಲ್ಲಿ ಆಡಿಸುತ್ತ ನಿಲ್ಲುತ್ತಾರೆ. ಯಾವ ಮನೇದು ಅಂತ ತಿಳಿಯದೆ ತಲೆ ಕೆರೆದುಕೊಳ್ತಾರೆ. ಗೋಡೆ ನೋಡಿದ ಮೇಲೇ ಇದೂ ಅದೇ ಮನೆತನದ್ದು ಅಂತ ಒಪ್ಪೋದು.

ಬೂದವ್ವನ ಮನೆತನದವರಿಗೋ ಅಂದಿನಿಂದ ಒಂದು ಹಟ. ಇನ್ನು ಯಾವ ಹೆಣ್ಣುಮಗುವೂ ತನ್ನ ಕುಲ ತೋರಿಸೋಕೆ ಅಂತ ಹೊಸಿಲ ಹೊರಗೆ ಒಡೆದು ಬೀಳಬಾರದು, ಮುಚ್ಚಿಡೋದರಿಂದ ತಾನೆ ಇಷ್ಟೆಲ್ಲ ಆದದ್ದು, ಇನ್ನು ಮುಚ್ಚಿಡೋದೇ ಬೇಡ ಅಂತ. ಮೂರೂ ಮನೆಯವರು ಒಪ್ಪಿದರು, ವಾರೆ ಗೋಡೆಯವರೂ ಸೇರಿ.

ಅದಕ್ಕೇ ಮಕ್ಕಳಾ, ರಸ್ತೆ ಬದಿ ಸುರಿದ ಜಲ್ಲಿಯಲ್ಲಿ ಒಂದು ಕಲ್ಲು ಎತ್ತಿ ಬಿಸಿಲಿಗೆ ಹಿಡಿದು ಆ ಕಡೆ ಈ ಕಡೆ ಓರೆ ಮಾಡಿದರೆ, ಅದರೊಳಗಿನ ಬೆಣಚಜ್ಜ ಎಣ್ಣೆ ಜಿಡ್ಡು ಹಿಡಿದ ಹಾಗೆ ಮಂಕಾಗಿ ಕೂತಿದ್ದರೂ, ಅವನ ಪಕ್ಕದ ಕೆಂಚು ತುಣುಕು ಇವತ್ತಿಗೂ ಫಳ್ ಅಂತ ತನ್ನ ನೇರ ಗೋಡೆಯನ್ನ ತೋರಿಸಿಬಿಡುತ್ತದೆ.