ನಾಲ್ಕನೇ ಕೊಳಗ

ಹೊಳೆಗೆ ಇನ್ನೂ ಯಾರೂ ಹೆಸರಿಡದ ಕಾಲದ ಮಾತು ಇದು.

ಆ ಹೊಳೆದಂಡೆಯ ಆಶ್ರಮದಲ್ಲಿ ನಿಂಗಾಜಮ್ಮ ಅನ್ನೋ ಗುರುತಾಯಿ ಇದ್ದಳು. ಆಶ್ರಮದ ಹೊಲಕ್ಕೆ ಹನ್ನೆರಡು ಮನೆಯವರು ಪಾಲುದಾರರು. ಬಿತ್ತನೆಗೆ ಮುಂಚೆ ಒಂದೊಂದು ಮನೆಯವರೂ ನಾಲ್ಕು ಕೊಳಗ ರಾಗಿ ಆಶ್ರಮದ ರಾಶಿಗೆ ಸುರಿಯಬೇಕು. ಆಮೇಲೆ ಆಶ್ರಮದಿಂದ ಮನೆಮನೆಗೂ ವಾರಕ್ಕೊಂದು ಬುಟ್ಟಿ ಸೊಪ್ಪು, ಸುಗ್ಗಿಗೆ ರಾಗಿ. ಬೆಳೆ ಬಂದರೆ ಎಲ್ಲರಿಗೂ, ಹೋದರೂ ಎಲ್ಲರಿಗೂ.

ಆ ವರ್ಷ ಪಾಲಿಗೆ ಸೇರಿದ ಹೊಸ ಶಿಷ್ಯ ಬೆಟ್ಟಯ್ಯನಿಗೆ ಆ ಕೊನೇ ಮಾತೇ ಮುಳ್ಳಾಯಿತು. ಹೆಂಡತಿ ದೇವೀರಿ ಬಸುರಿ. ಮನೇಲಿದ್ದದ್ದೇ ನಾಲ್ಕು ಕೊಳಗ.

"ಅವ್ವ, ಹೊಳೆ ಉಕ್ಕಿದ್ರೆ?" ಅಂತ ನಿಂಗಾಜಮ್ಮನನ್ನು ಕೇಳಿದ.

"ಉಕ್ತದೆ."

"ನನ್ನ ಪಾಲು?"

"ಅದೂ ಮುಳುಗ್ತದೆ. ಅಳೆಯಪ್ಪ, ಅಳೆ."

ಬೆಟ್ಟಯ್ಯ ಮೊದಲ ಕೊಳಗ ಸುರಿದು, "ಒಂದು" ಅಂದ.

"ರಾಗಿ ಅಳೆಯುವಾಗ ಮೊದಲನೇದಕ್ಕೆ ಒಂದು ಅಂತಾರೇನೋ? ಲಾಭ ಅನ್ನು."

"ಮನೆಯಿಂದ ಹೋಗ್ತಿರೋದಕ್ಕೂ ಲಾಭಾನಾ ಅವ್ವ?"

ಅವ್ವ ರಾಶಿ ಕಡೆ ಕೈ ತೋರಿಸಿದಳು.

"ಲಾಭ," ಅಂದ ಬೆಟ್ಟಯ್ಯ. "ಎರಡು... ಮೂರು..." ಅಲ್ಲಿಗೆ ಕೊಳಗ ಕೆಳಗಿಟ್ಟ. "ಅಷ್ಟೇ ಅವ್ವ. ನಾಲ್ಕನೇದನ್ನ ಇಲಿ ತಿಂದ್ಬಿಟ್ಟವು."

"ಪಾಪ, ಇಲಿಗೂ ಹೆದರಿಕೆ ಇರ್ತದೆ," ಅಂದಳು ಅವ್ವ.

ನಾಲ್ಕನೇ ಕೊಳಗ ಅಟ್ಟದ ಮೇಲೆ, ಬಾಯಿಗೆ ಸಗಣಿ ಮೆತ್ತಿದ ಮಡಕೆಯೊಳಗಿತ್ತು.

ವಾರವಾರವೂ ಬುಟ್ಟಿ ಬಂತು. ಹರಿವೆ, ದಂಟು. ದೇವೀರಿಯ ಮೋರೆಗೆ ಕಳೆ ಏರಿತು. ಬೆಟ್ಟಯ್ಯ ಮಾತ್ರ ಮೋಡ ಕಂಡಾಗಲೆಲ್ಲ ಅಟ್ಟ ನೋಡುತ್ತಿದ್ದ.

ಒಂದು ಬೆಳಿಗ್ಗೆ ಹೊಳೆ ಬಂದೇಬಿಟ್ಟಿತು. ನೀರು ಇಳಿದಾಗ ಹೊಲವೆಲ್ಲ ಕೆಸರು. ಹನ್ನೆರಡು ಮನೆಯವರೂ ಬದುವಿನ ಮೇಲೆ ಸಾಲಾಗಿ ಕೂತರು.

"ಇನ್ನೂ ಕಾಲ ಮೀರಿಲ್ಲ," ಅಂದ ಒಬ್ಬ ಮುದುಕ. "ಒಂದು ಕೊಳಗ ಬೀಜ ಇದ್ರೂ ಸಸಿ ಮಾಡಿ ನಾಟಿ ಹಾಕ್ಬಹುದಿತ್ತು."

"ಇದ್ದದ್ದೆಲ್ಲ ಸುರಿದಾಯ್ತಲ್ಲ, ಮಾವ," ಅಂದ ಪಕ್ಕದವನು.

ಬೆಟ್ಟಯ್ಯ ಎದ್ದು ಮನೆ ಕಡೆ ನಡೆದ.

ಸಂಜೆ ಬುಟ್ಟಿ ಬಂತು. ಅದರಲ್ಲಿ ಒಂದೇ ಹಿಡಿ ಹೊನಗೊನ್ನೆ ಸೊಪ್ಪು.

"ಬದುವಿನ ಮೇಲಿದ್ದದ್ದನ್ನ ಹನ್ನೆರಡು ಮನೆಗೂ ಹಿಡಿಹಿಡಿ ಕಳಿಸವ್ಳೆ," ಅಂದಳು ದೇವೀರಿ. "ಅವ್ವನ ಒಲೆ ಇವತ್ತು ಉರೀಲಿಲ್ಲ." ಆಮೇಲೆ ಕತ್ತೆತ್ತಿದಳು. "ಅಟ್ಟದ ಇಲಿ ಏನಂತದೆ?"

ಬೆಟ್ಟಯ್ಯ ಬುಟ್ಟಿ ಕೆಳಗಿಟ್ಟ. "ನಿನ್ನ ಹೊಟ್ಟೇಲಿರೋದಕ್ಕೆ ಅಂತ ಇಟ್ಟೆ ಕಣೇ. ಅದನ್ನೂ ಕೊಟ್ಟು, ಹೊಳೆ ಮತ್ತೆ ಬಂದ್ರೆ?"

"ಬಂದ್ರೂ ಬಂತು. ಈ ಸೊಪ್ಪು ಕಳಿಸಿದವಳೂ ನಿನ್ನಂಗೇ ಅಂದ್ಕೊಂಡಿದ್ರೆ, ಈಗ ಒಲೆ ಮೇಲೆ ಏನಿರ್ತಿತ್ತು?"

ಬೆಳಗಾದ ಮೇಲೆ ಬೆಟ್ಟಯ್ಯ ಮಡಕೆ ಹೊತ್ತು ಆಶ್ರಮಕ್ಕೆ ಹೊರಟ. ಎಲ್ಲರೂ ಅಲ್ಲೇ ಇದ್ದರು. ಮಡಕೆಯನ್ನು ಅವ್ವನ ಮುಂದಿಟ್ಟ.

"ಅವ್ವ, ಇಲಿ ಅಲ್ಲ. ನಾನೇ."

ಅವ್ವ ಕೊಳಗವನ್ನು ಅವನ ಮುಂದೆ ತಳ್ಳಿದಳು.

ಅವನು ತುಂಬಿಸಿದ. ಸುರಿದ. ಒಂದಷ್ಟು ಕಾಳು ಆಚೆ ಚೆಲ್ಲಿತು. ಮಡಕೆ ಬರಿದಾಯಿತು.

"ನಾ... ನಾಲ್ಕು," ಅಂದ.

ಅವ್ವ ಚೆಲ್ಲಿದ ಕಾಳನ್ನೆಲ್ಲ ಬೆರಳಲ್ಲಿ ಗೋರಿ ರಾಶಿಗೆ ಸೇರಿಸಿದಳು.

"ನಾಲ್ಕಲ್ಲ ಕಣೋ, ಲಾಭ ಅನ್ನು. ಅವತ್ತು ಬರೀ ಅಳೆದೆ; ನೀನು ಕೊಡ್ತಿರೋದು ಇದೇ ಮೊದಲು."