ಚಿಕ್ಕೀರ ಎಕ್ಸ್‌ರೇ ತೆಗೆದದ್ದು

"ಡಾಕ್ಟ್ರಮ್ಮ ಹೇಳಿದಂಗೆ ಮಾಡು. ನಿನ್ನ ತಲೆ ಓಡಿಸಬ್ಯಾಡ."

ಇಷ್ಟು ಹೇಳಿ ಸಾಕಮ್ಮ ಕಣ್ಣು ಮುಚ್ಚಿದಳು. ಗಂಡ ಚಿಕ್ಕೀರ ಹೂಂ ಅಂದ. ಓಡಿಸೋಕೆ ಅವನಿಗೆ ತಲೆ ಎಲ್ಲಿತ್ತು? ಇವನನ್ನು ಹೆರೋ ಬದಲು ಗುಂಡುಕಲ್ಲು ಹೆತ್ತಿದ್ದರೆ ಖಾರನಾದರೂ ಅರೀಬೋದಿತ್ತು ಅಂತ ಅವನವ್ವ ದ್ಯಾವಮ್ಮ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಮನೇಲಿ ಸಾಕಮ್ಮನ ಪಟ ಅಂತ ಉಳಿದದ್ದು ಒಂದೇ. ಎದೆಯ ಎಕ್ಸ್‌ರೇ ಫಿಲಂ. ಅದರಲ್ಲೊಂದು ಬಿಳೀ ಮಚ್ಚೆ. ಅದೇ ಅವಳನ್ನು ತಿಂದದ್ದು. ಚಿಕ್ಕೀರ ಅದನ್ನು ಕಿಟಕಿಗೆ ಸಿಕ್ಕಿಸಿದ. ಮೋರೆ ಇಲ್ಲ, ಬರೀ ಪಕ್ಕೆಲುಬು. ಆದರೂ ದಿನಾ ನೋಡೋನು. ಈ ಮಚ್ಚೆಯೊಂದು ಹೋಗಿಬಿಟ್ಟರೆ ಅನ್ನೋನು.

ಡಾಕ್ಟ್ರಮ್ಮನ ಆಸ್ಪತ್ರೇಲಿ ಎಕ್ಸ್‌ರೇ ಕೋಣೆಯ ಕೆಲಸಕ್ಕೆ ಸೇರಿದ. ಫಿಲಂಗೆ ಬೆಳಕು ತಾಗಬಾರದು, ಕತ್ತಲಲ್ಲೇ ಇಡು ಅಂತ ಆಕೆ ಹೇಳಿದರು. ಹೇಳಿದಂಗೆ ಮಾಡಿದ. ತೊಳೆದು ಒಣಗಿಸಿದ ಫಿಲಮ್ಮನ್ನೂ ಕಂಬಳೀಲಿ ಸುತ್ತಿ ಕೊಟ್ಟ. ನೋಡೋದಾದರೆ ಕಂಬಳಿಯೊಳಗೇ ನೋಡಿ ಅಂದ. ಕಾಲು ಮುರಿದ ಗೌಡರು ಕಂಬಳಿ ಮುಸುಕು ಹಾಕಿಕೊಂಡು ಮಂಚದ ಮೇಲೆ ಬೆವತರು.

ಡಾಕ್ಟ್ರಮ್ಮ ಬೈದರು. ಕತ್ತಲೆಲ್ಲ ತೊಳೆಯೋವರೆಗೆ ಕಣಯ್ಯ, ಇನ್ನು ಮೇಲೆ ತೊಳೆಯದೆ ಯಾವುದನ್ನೂ ನನ್ನ ಮುಂದೆ ತರಬೇಡ ಅಂದರು.

ಅಷ್ಟರಲ್ಲಿ ಹೊಸ ಮಿಷನ್ನು ಬಂತು. ಡಿಜಿಟಲ್ಲು. ಫಿಲಮ್ಮೇ ಇಲ್ಲ, ಹಲಗೆಯಂಥ ಒಂದು ಪ್ಲೇಟು. ಅದನ್ನು ತಾ ಅಂದರು. ಚಿಕ್ಕೀರ ಹೇಳಿದಂಗೆ ಮಾಡಿದ. ಬಕೆಟ್ಟಿಗೆ ಅದ್ದಿ, ಉಜ್ಜಿ, ಕ್ಲಿಪ್ಪು ಹಾಕಿ ದಾರಕ್ಕೆ ನೇತುಹಾಕಿದ. ಡಾಕ್ಟ್ರಮ್ಮ ಅಲ್ಲೇ ಸ್ಟೂಲಿನ ಮೇಲೆ ಕುಸಿದರು.

ಪ್ಲೇಟು ರಿಪೇರಿಯಾಗಿ ಬಂದ ಮೇಲೆ ಮತ್ತೆ ಪಾಠ. ಇದಕ್ಕೆ ನೀರೂ ಬೇಡ, ಕತ್ತಲೂ ಬೇಡ. ಪಟ ತಾನೇ ಕಂಪ್ಯೂಟರಿಗೆ ಬರುತ್ತೆ.

"ಫಿಲಂ ಆದರೆ ಬಿದ್ದದ್ದು ಬಿತ್ತು, ಅಳಿಸೋಕಾಗಲ್ಲ. ಇದರಲ್ಲಿ ಐಬು ಕಂಡರೆ ಅಳಿಸು, ಇನ್ನೊಂದು ತೆಗಿ. ಗೊತ್ತಾಯ್ತಾ?"

ಗೊತ್ತಾಯ್ತು ಅಂದ.

ಮರುವಾರ ದ್ಯಾವಮ್ಮ ಬಚ್ಚಲಲ್ಲಿ ಜಾರಿ ಕೈ ಮುರಕೊಂಡಳು. ಚಿಕ್ಕೀರನೇ ಎಕ್ಸ್‌ರೇ ತೆಗೆದ. ಮೂಳೆ ಬಿರುಕು ಬಿಟ್ಟಿತ್ತು. ಐಬು. ಅಳಿಸಿದ. ಇನ್ನೊಂದು ತೆಗೆದ. ಮತ್ತೆ ಬಿರುಕು. ಮತ್ತೆ ಅಳಿಸಿದ.

"ಏನ್ಲಾ, ನನ್ನ ಕೈಗೇನು ಮದುವೆ ಫೋಟೋ ತೆಗೀತಿದ್ದೀಯಾ?" ಅಂತ ದ್ಯಾವಮ್ಮ ನರಳುತ್ತಲೇ ಕೇಳಿದಳು.

ತಾಳವ್ವ, ಒಳ್ಳೇದು ಬರೋಗಂಟ ಅಂದ.

ಡಾಕ್ಟ್ರಮ್ಮ ಬಂದು ನೋಡಿ ಹಣೆ ಚಚ್ಚಿಕೊಂಡರು. "ಪಟ ಅಳಿಸಿದರೆ ಮೂಳೆ ಕೂಡ್ಕೊಳ್ತದಾ? ಐಬು ಕಂಡರೆ ಅಳಿಸಬೇಡ, ನನ್ನ ಹತ್ರ ತಾ. ಸರಿ ಮಾಡೋಳು ನಾನು."

ಮೂಳೆ ಕೂಡಿಸಿ ಪ್ಲಾಸ್ಟರು ಹಾಕಿದರು. ಮತ್ತೊಂದು ಪಟ ತೆಗೆಸಿದರು. ಮೂಳೆ ನೆಟ್ಟಗಿತ್ತು. ಚಿಕ್ಕೀರ ಬಹಳ ಹೊತ್ತು ಅದನ್ನೇ ನೋಡಿದ.

ಮಾರನೆಯ ಬೆಳಿಗ್ಗೆ ಎದ್ದ. ಕಿಟಕಿಯಿಂದ ಫಿಲಂ ಇಳಿಸಿದ. ತೊಳೆದ. ಒಣಗಿಸಿದ. ಕಂಬಳೀಲಿ ಸುತ್ತಿದ. ಆಸ್ಪತ್ರೆಗೆ ಹೋಗಿ ಸಾಕಮ್ಮನ ಹೆಸರಲ್ಲಿ ಚೀಟಿ ಬರೆಸಿ, ರೋಗಿಗಳ ಸಾಲಿನಲ್ಲಿ ಕೂತ. ಸರದಿ ಬಂದಾಗ ಒಳಗೆ ಹೋಗಿ, ಕಂಬಳಿ ಬಿಚ್ಚಿ, ಡಾಕ್ಟ್ರಮ್ಮನ ಮೇಜಿನ ಮೇಲಿಟ್ಟ.

"ನಾನು ಅಳಿಸಿಲ್ಲ ಅಮ್ಮಾರೆ. ನಿಮ್ಮ ಹತ್ರಾನೇ ತಂದಿದ್ದೀನಿ."